ವಿಭೂತಿ ಗಾಜಿನ ಹಿಂದಿನ ಮುಖ

ಕುಂತೂರಿನ ಆ ಚಿತ್ರವನ್ನು ನಾನು ಮೊದಲ ಸಲ ಕೈಗೆತ್ತಿಕೊಂಡಾಗ ಅದರಲ್ಲಿ ಮುಖವೇ ಕಾಣಿಸಲಿಲ್ಲ. ಅಂಗೈಯಗಲದ ಹಿತ್ತಾಳೆ ಚೌಕಟ್ಟು, ಅದಕ್ಕೊಂದು ಗಾಜು, ಗಾಜಿನ ತುಂಬ ಗೋಡೆಗೆ ಸುಣ್ಣ ಬಳಿದಂತೆ ಗಟ್ಟಿಕಟ್ಟಿದ ವಿಭೂತಿ. ಅಂದಿನ ದಿನಚರಿಯಲ್ಲಿ ಇಷ್ಟೇ ಬರೆದಿದ್ದೇನೆ: "ನವೆಂಬರ್ 1964, ಕೊನೆಯ ಮಂಗಳವಾರ. ಕುಂತೂರು. ಚಿತ್ರ ಒಂದು. ದಂತದ್ದಿರಬಹುದು. ಮುಖ ತಿಳಿಯದು. ಜಡಿಮಳೆ."

ಆಗ ನನಗೆ ಇಪ್ಪತ್ತನಾಲ್ಕು ವರ್ಷ. ಮೈಸೂರಿನ ಒಂದು ಚಿಕ್ಕ ವಸ್ತುಸಂಗ್ರಹಾಲಯದಲ್ಲಿ ತಾತ್ಕಾಲಿಕ ಸಹಾಯಕನಾಗಿದ್ದೆ. ಅಲ್ಲಿನ ಕ್ಯುರೇಟರ್ ದೊಡ್ಡ ಚಿತ್ರಗಳ ಹಿಂದೆ ಹೋದವರಲ್ಲ. ಆನೆದಂತದ ತೆಳು ಹಲಗೆಯ ಮೇಲೆ ಬರೆದ ಭಾವಚಿತ್ರಗಳು, ಗಾಜಿನ ಹಿಂಬದಿಗೆ ಬರೆದ ದೇವರುಗಳು, ಗಂಜೀಫಾ ಆಟದ ಎಲೆಗಳು, ಚಿನ್ನದ ರೇಕಿನ ಕಿರುಪಟಗಳು, ಕೆತ್ತನೆಯ ಅಡಕೆ ಡಬ್ಬಿಗಳು, ಹೀಗೆ ಜೇಬಿಗೆ ಹಿಡಿಸುವಂಥ ವಸ್ತುಗಳೇ ಬೇಗ ನಾಶವಾಗುತ್ತವೆ ಎಂಬುದು ಅವರ ಮಾತು. ಕೊಳ್ಳೇಗಾಲದ ಸೀಮೆ ಮದರಾಸಿನ ಆಡಳಿತದಿಂದ ಬಂದು ನಮ್ಮ ರಾಜ್ಯಕ್ಕೆ ಸೇರಿ ಎಂಟು ವರ್ಷವಾಗಿತ್ತು. ಆ ಕಡೆ ಯಾರೂ ಹುಡುಕಿಲ್ಲ, ನೀವು ಹೋಗಿ ಎಂದು ನನ್ನನ್ನು ಕಳಿಸಿದರು. ಕೊಳ್ಳೇಗಾಲದಲ್ಲಿ ಒಂದು ರೇಷ್ಮೆನೂಲಿನ ಅಂಗಡಿಯ ಮಹಡಿಯ ಕೋಣೆ ಹಿಡಿದೆ. ಅಲ್ಲಿಂದ ಬಸ್ಸಿನಲ್ಲಿ ಹನೂರು, ಅಜ್ಜೀಪುರ, ಯಳಂದೂರು ಸುತ್ತುತ್ತಿದ್ದೆ.

ಕೆಲಸಕ್ಕೊಂದು ಕ್ರಮವಿತ್ತು. ವಸ್ತುವನ್ನು ಮನೆಯವರೇ ಎತ್ತಿ ಕೊಡಬೇಕು, ನಾನಾಗಿ ಮುಟ್ಟುವಂತಿಲ್ಲ. ಮೊದಲು ಅಳತೆ, ಆಮೇಲೆ ಭೂತಗನ್ನಡಿ, ಆಮೇಲೆ ಒಂದು ಕಾರ್ಡು. ಕಾರ್ಡಿನಲ್ಲಿ ಕಂಡದ್ದನ್ನು ಮಾತ್ರ ಬರೆಯಬೇಕು, ಕೇಳಿದ್ದನ್ನು ಹಿಂಬದಿಗೆ ಬೇರೆ ಬರೆಯಬೇಕು. ಒಯ್ಯುವುದಾದರೆ ಅರಳೆ, ತೆಳುಕಾಗದ, ಅಟ್ಟೆಡಬ್ಬಿ. ಬಸ್ಸಿನಲ್ಲಿ ತೊಡೆಯ ಮೇಲೆ, ಬಿಸಿಲು ಬೀಳದ ಕಡೆ ಕೂತು ಒಯ್ಯಬೇಕು.

ಕ್ರಮವಿದ್ದರೂ ಫಲ ಕಡಿಮೆ. ಅಪ್ಪಟ ಚಿನ್ನದ ಒಡವೆ ಮಾಡಬಾರದು, ಇದ್ದ ಚಿನ್ನಕ್ಕೆ ಲೆಕ್ಕ ಕೊಡಬೇಕು ಎಂಬ ಚಿನ್ನದ ಕಾನೂನು ಬಂದು ಇನ್ನೂ ಎರಡು ವರ್ಷ ತುಂಬಿರಲಿಲ್ಲ. ಚೀಲ ಹಿಡಿದು ಭೂತಗನ್ನಡಿ ತೆಗೆಯುವವನನ್ನು ಕಂಡರೆ ಜನ ಬಾಗಿಲು ಹಾಕುತ್ತಿದ್ದರು. ಹನೂರಿನ ಒಬ್ಬ ರೈತ ಮೂರು ಭೇಟಿಯಾದ ಮೇಲೆ ನನ್ನನ್ನು ನಂಬಿ, ಹಿತ್ತಲಿನ ನೆಲದಲ್ಲಿ ತೋಡಿದ ರಾಗಿ ಹಗೇವಿನೊಳಗಿಂದ ಒಂದು ಬಾಲಕೃಷ್ಣನ ಪಟವನ್ನು ಮೇಲೆತ್ತಿ ಕೊಟ್ಟ. ಮಣ್ಣಿನ ತೇವಕ್ಕೆ ಅದರ ಬಿಳಿಪುಡಿ-ಗೋಂದಿನ ಸುದ್ದೆಯ ಉಬ್ಬುಗೆಲಸವೆಲ್ಲ ಮೆತ್ತಗಾಗಿ, ಕೃಷ್ಣ ಅವನ ಕೈಯಲ್ಲೇ ಹಿಟ್ಟಿನಂತೆ ಉದುರಿದ.

"ಚಿನ್ನದ್ ರೇಕು ಅದೆ, ಸರ್ಕಾರ್ದೋರು ಕಿತ್ಕಂಡೋದಾರು ಅಂದ್ರು ಸಾ," ಎಂದ ಅವನು, ಬೆರಳಿಗೆ ಅಂಟಿದ ಹೊಳಪನ್ನೇ ನೋಡುತ್ತ. "ಅದ್ಕೇ ಅಗೇವ್ಗೆ ಇಳಿಸ್ಬುಟ್ಟಿದ್ದೆ. ನಾನೇ ಊತಾಕ್ದಂಗಾಯ್ತು."

ಯಳಂದೂರಿನಲ್ಲಿ ಒಂದು ಗಂಜೀಫಾ ಕಟ್ಟು ಸಿಕ್ಕಿತು. ಅದರಲ್ಲೂ ಕಳೆದುಹೋದ ಎಲೆಗಳ ಜಾಗಕ್ಕೆ ಬೆಂಕಿಪೊಟ್ಟಣದ ರಟ್ಟು ಕತ್ತರಿಸಿ ಸೇರಿಸಿದ್ದರು. ತಿಂಗಳ ಕೊನೆಗೆ ಲೆಕ್ಕ ಹಾಕಿದರೆ, ಹತ್ತಿದ ಮನೆಗಳು ಅರವತ್ತರ ಮೇಲೆ, ಕಾರ್ಡು ಬರೆದದ್ದು ಒಂಬತ್ತು. ದಂತದ ಚಿತ್ರ ಒಂದೂ ಇಲ್ಲ. ಕುಂತೂರಿನ ಶೈವ ಒಕ್ಕಲು ಮನೆಯೊಂದರಲ್ಲಿ "ದಂತದ ಅಜ್ಜಿ" ಇದ್ದಾಳೆಂದು ನೂಲಿನ ಅಂಗಡಿಯ ಮಾಲೀಕ ಹೇಳಿದಾಗ ನಾನು ಮಳೆಯೆಂದು ನೋಡದೆ ಹೊರಟದ್ದು ಅದಕ್ಕೇ.

ಮನೆಯ ಯಜಮಾನ ಐವತ್ತು ದಾಟಿದವನು. ಕೈಸಾಲೆಯಲ್ಲಿ ಕೂರಿಸಿ ಕಾಫಿ ಕೊಟ್ಟ. ದೇವರ ಗೂಡಿನಿಂದ ಚೌಕಟ್ಟನ್ನು ತಂದು ನನ್ನ ಕೈಗಿಟ್ಟ.

"ಇದರೊಳಗೆ ಇರೋರು ಯಾರು ಯಜಮಾನ್ರೇ?"

"ನಮ್ಮಜ್ಜಿ ಸಾ. ನಮ್ಮವ್ವನ ಅತ್ತೆ. ಚಿಕ್ಕುಡ್ಗಿ ಆಗಿದ್ದಾಗ ಮೈಸೂರ್ನಾಗೆ ಬರ್ಸಿದ್ದಂತೆ."

"ನೀವು ಮುಖ ನೋಡಿದೀರಾ?"

"ಸಣ್ಣೋನಿದ್ದಾಗ ನೋಡಿದ್ನೇನೋ, ಗ್ಯಾಪ್ನ ಇಲ್ಲ. ನಿಮ್ಮ ಮ್ಯೂಸಿಯಮ್ಗೆ ಬೇಕಂದ್ರೆ ತಕಂಡೋಗಿ. ನಮ್ಮ ಮನೆತನದ್ ಎಸ್ರು ಬೋರ್ಡ್ನಾಗೆ ಬರ್ದಾಕ್ತೀರಾ?"

ಒಳಗಿನಿಂದ ದನಿ ಬಂತು. "ಯಾರ್ಲಾ ಅದು, ನಮ್ಮತ್ತೇನ ಸಂತೇಲಿ ಎಮ್ಮೆ ಕೊಟ್ಟಂಗೆ ಕೊಡ್ತಾ ಇರೋನು?"

ಯಜಮಾನ ಎದ್ದು ನಿಂತ. ಅವನ ತಾಯಿ ಗೋಡೆ ಹಿಡಿದುಕೊಂಡು ಹೊರಗೆ ಬಂದರು. ಎಪ್ಪತ್ತರ ಹತ್ತಿರದ ವಯಸ್ಸು, ಎರಡೂ ಕಣ್ಣಿನಲ್ಲಿ ಪೊರೆ. ನನ್ನ ಮೊಣಕೈ ಮುಟ್ಟಿ, ಅಲ್ಲಿಂದ ಕೈಗೆ ಇಳಿದು, ಚೌಕಟ್ಟನ್ನು ತೆಗೆದುಕೊಂಡು ಮಡಿಲಲ್ಲಿಟ್ಟುಕೊಂಡು ಕೂತರು.

ಆ ಮನೆಗೆ ಅವರು ಸೊಸೆಯಾಗಿ ಬಂದಾಗ ಎಂಟು ವರ್ಷ. ತಾಯಿ ಇಲ್ಲದ ಮಗು. ಸಾಕಿದವರು ಈ ಅತ್ತೆಯೇ. ಇಪ್ಪತ್ತು ವರ್ಷಕ್ಕೂ ಹಿಂದೆ ಅತ್ತೆ ತೀರಿಕೊಂಡ ಮೇಲೆ ಚಿತ್ರ ಗೂಡಿಗೆ ಬಂತು. ಪ್ರತಿ ಸೋಮವಾರ ಸ್ನಾನ ಮಾಡಿ ಬಂದು ಅವರೇ ಅದಕ್ಕೆ ವಿಭೂತಿ ಹಚ್ಚುತ್ತಾರೆ. ಬೇರೆ ಯಾರೂ ಮಾಡುವಂತಿಲ್ಲ. ಹೇಗೆ ಹಚ್ಚುತ್ತೀರಿ ಎಂದು ಕೇಳಿದೆ. ಅಂಗೈಯನ್ನು ಬಟ್ಟಲು ಮಾಡಿ ತೋರಿಸಿದರು. ಗಟ್ಟಿ ವಿಭೂತಿಯನ್ನು ನೀರಿನಲ್ಲಿ ತೇದು, ಮೂರು ಬೆರಳು ಅದ್ದಿ, ಗಾಜಿನ ಈ ತುದಿಯಿಂದ ಆ ತುದಿಗೆ.

"ನೀರು ತೊಟ್ಟಿಕ್ಕಬೇಕು ಕೂಸೇ. ತೊಟ್ಟಿಕ್ಕುದ್ರೆ ಅತ್ತೆ ಮಿಂದಂಗೆ. ಒಣಗ್ಲು ಬಳಿಯೋದು ನಮ್ಮನೇಲಿಲ್ಲ."

ನಾನು ಚೌಕಟ್ಟಿನ ಕೆಳ ಅಂಚನ್ನು ನೋಡಿದೆ. ಉಳಿದ ಮೂರು ಅಂಚೂ ಸ್ವಚ್ಛವಾಗಿದ್ದವು. ಕೆಳಗಿನದು ಮಾತ್ರ ಕಿಲುಬು ಹಿಡಿದು ಹಸಿರಾಗಿತ್ತು. ಗಾಜಿಗೂ ಹಿತ್ತಾಳೆಗೂ ನಡುವೆ ಉಗುರು ತೂರುವಷ್ಟು ಸಂದು. ದಂತದ ಮೇಲಿನ ಬಣ್ಣ ಎಣ್ಣೆಯದಲ್ಲ. ಗೋಂದಿನ ನೀರಿನಲ್ಲಿ ಕಲಸಿದ್ದು. ಒದ್ದೆ ಬೆರಳು ತಗುಲಿದರೆ ಸಾಕು, ಎದ್ದು ಬರುತ್ತದೆ. ಇಪ್ಪತ್ತು ವರ್ಷಕ್ಕೂ ಮಿಕ್ಕಿದ ಸೋಮವಾರಗಳ ನೀರು ಎಲ್ಲಿಗೆ ಇಳಿದಿರಬಹುದೆಂದು ನನಗೆ ಆಗಲೇ ಹೊಳೆಯಿತು. ಒಳಗೆ ಏನು ಉಳಿದಿದೆಯೆಂದು ನೋಡದೆ ಹೇಳುವುದು ಸರಿಯಲ್ಲ.

ಅವರಾಗಿಯೇ ಮಾತು ತೆಗೆದರು. "ಕಣ್ಣು ಚೆಂದಾಗಿದ್ದಾಗ ದಿನಾ ನೋಡ್ತಿದ್ದೆ. ಈಗ ನಂಗೆ ಕಾಣಾಕಿಲ್ಲ. ಮುಖ ಅದ್ಯಾ ಅಂತ ಕೇಳುದ್ರೆ ಇವ್ರೆಲ್ಲ ಅದೆ ಅದೆ ಅಂತಾರೆ. ನೋಡಿ ಅನ್ನೋರಿಲ್ಲ, ಬಾಯಿಗ್ ಬಂದಂಗೆ ಅಂತಾರೆ. ನೀನು ಬಿಚ್ಚಿ ನೋಡು. ಮುಖ ಅದ್ಯೋ ಇಲ್ವೋ ಯೋಳು. ಸುಳ್ ಯೋಳ್ಬ್ಯಾಡ."

"ಮೇಲಿನ ವಿಭೂತಿ ತೆಗೆದರೆ ಕಾಣುತ್ತೆ ಅಜ್ಜಿ," ಎಂದೆ ಆ ತಾಯಿಗೆ.

"ಗೀಚ್ಬ್ಯಾಡ. ಅದು ನಾನ್ ಮಾಡಿರೋ ಪೂಜೆ. ಇಂದ್ಗಡೆಯಿಂದ ಬಿಚ್ಕೋ. ಬರೋ ಸೋಮವಾರ ಕಡೇ ಕಾರ್ತೀಕ ಸೋಮವಾರ. ಅಷ್ಟ್ರೊಳಗೆ ಅತ್ತೆ ಗೂಡ್ನಾಗಿರ್ಬೇಕು."

ಒಪ್ಪಿಕೊಂಡೆ. ಅವರು ಚಿತ್ರ ಸುತ್ತಲು ಮಡಿಸೀರೆಯ ಒಂದು ತುಂಡು ತಂದರು. ಮಳೆಯಲ್ಲಿ ಒಣಗದ ಬಟ್ಟೆ, ಹಿಂಡಿದರೆ ನೀರು ಬರುವಂತಿತ್ತು. ಬೇಡವೆಂದರೆ ಮನಸ್ಸು ನೋಯುತ್ತದೆ. ಕೊನೆಗೆ ಅವರ ಸೊಸೆ ಒಲೆಯ ಮುಂದೆ ಹಿಡಿದು ಅದನ್ನು ಒಣಗಿಸಿ ಕೊಟ್ಟಳು. "ನೋಡವ್ವ ಇವ್ರ, ಅತ್ತೆಮ್ಮುಂಗೆ ಸೀತ ಆದಾದು ಅಂತ ಎದುರ್ತಾರೆ," ಎಂದು ಅಜ್ಜಿ ನಕ್ಕರು.

ಮರುದಿನ ಕೊಳ್ಳೇಗಾಲದ ಅಂಚೆ ಕಚೇರಿಯಿಂದ ಕ್ಯುರೇಟರಿಗೆ ಟ್ರಂಕ್ ಕಾಲ್ ಮಾಡಿದೆ. ದನಿ ಬಂದು ಬಂದು ಹೋಗುತ್ತಿತ್ತು. ರೈತಾಪಿ ಮನೆಯ ಹೆಣ್ಣುಮಗುವಿನ ದಂತದ ಚಿತ್ರ ಎಂದು ಕೇಳಿದೊಡನೆ ಅವರು ಎರಡು ಸಲ "ನಿಜವಾ?" ಎಂದರು. ಅರಮನೆಯವರು, ದಿವಾನರ ಕಡೆಯವರು ಬಿಟ್ಟರೆ ಹೆಣ್ಣುಮಕ್ಕಳನ್ನು ಬರೆಸಿದ್ದು ಅಪರೂಪ. ನಮ್ಮಲ್ಲಿ ಅಂಥದ್ದು ಒಂದೂ ಇರಲಿಲ್ಲ.

"ಅಲ್ಲಿ ಬಿಚ್ಚಬೇಡಿ. ನಾಳೆಯ ಬಸ್ಸಿಗೆ ಹಾಗೇ ತನ್ನಿ," ಎಂದರು.

"ಸೋಮವಾರ ವಾಪಸ್ಸು ಕೊಡಬೇಕು ಸರ್. ಮಾತು ಕೊಟ್ಟಿದ್ದೇನೆ."

"ಮೊದಲು ಇಲ್ಲಿಗೆ ಬರಲಿ. ಸೋಮವಾರದ್ದು ಆಮೇಲೆ ನೋಡೋಣ."

ಅವರ ಮಾತಿನಲ್ಲಿ ತಪ್ಪಿರಲಿಲ್ಲ. ಬಿಚ್ಚುವ ಕೆಲಸಕ್ಕೆ ಮೈಸೂರಿನ ಒಣಕೋಣೆಯೇ ಸರಿ. ಕೊಳ್ಳೇಗಾಲದಲ್ಲಿ ಗೋಡೆ ಮುಟ್ಟಿದರೆ ಕೈ ಒದ್ದೆಯಾಗುವ ಮಳೆ. ಆದರೆ ಒಳಗೆ ಹೋದ ವಸ್ತು ನಮ್ಮಲ್ಲಿ ಹೊರಗೆ ಬಂದದ್ದನ್ನು ನಾನು ಕಂಡಿರಲಿಲ್ಲ. ಸಮಿತಿ ಕೂರಬೇಕು, ಬೆಲೆ ಕಟ್ಟಬೇಕು, ಒಪ್ಪಿಗೆ ಬರಬೇಕು. ಒಂದು ಕಾರ್ತೀಕವಲ್ಲ, ಮುಂದಿನದೂ ಕಳೆದುಹೋಗಬಹುದು. ಮಾರ್ಚಿಗೆ ನನ್ನ ಕೆಲಸ ಖಾಯಮಾಗುವ ಮಾತಿತ್ತು. ಅಂಚೆ ಕಚೇರಿಯ ಜಗಲಿಯಲ್ಲಿ ಮಳೆ ಬಿಡುವವರೆಗೆ ಕೂತಿದ್ದೆ. ಬಿಚ್ಚಿ ನೋಡು ಎಂದವರು ಅಜ್ಜಿ. ನೋಡಿ ಹೇಳಬೇಕಾದದ್ದೂ ಅವರಿಗೆ. ಮೈಸೂರಿನ ಬಸ್ಸು ನಿಲ್ಲುವ ಕಡೆಗೆ ಹೋಗದೆ ಬೆಳ್ಳಿ ಕೆಲಸದ ಬೀದಿಗೆ ನಡೆದೆ.

ಅಲ್ಲಿ ನನಗೆ ಪರಿಚಯವಾಗಿದ್ದ ಒಬ್ಬ ಅಕ್ಕಸಾಲಿ ಇದ್ದ. ತಮಿಳು ಕನ್ನಡ ಎರಡನ್ನೂ ಒಂದೇ ಉಸಿರಿನಲ್ಲಿ ಆಡುವವನು. ಚಿನ್ನದ ಕಾನೂನಿನಿಂದ ಕೆಲಸ ಕಳೆದುಕೊಂಡು ಪಾತ್ರೆಗೆ ಕಲಾಯಿ ಹಾಕುತ್ತಿದ್ದ.

"ವಾಂಗೋ ಸಾಮಿ, ಬನ್ನಿ, ಚಿನ್ನ ತಂದಿದೀರಾ? ತಂದಿದ್ರೆ ಓಡೋಗಿ, ನಾನು ಈಗ ಸಾಧು," ಎಂದ. ಚೌಕಟ್ಟು ನೋಡಿ ಮುಖ ಗಂಭೀರವಾಯಿತು. "ಹಿತ್ತಾಳೆ. ಸರಿ, ಇದನ್ನ ಮುಟ್ಬೌದು."

ಚೌಕಟ್ಟಿನ ಬೆನ್ನಿಗೆ ಹಿತ್ತಾಳೆಯ ತಗಡು, ಅದನ್ನು ಹಿಡಿದಿದ್ದದ್ದು ನಾಲ್ಕು ಸಣ್ಣ ನಾಲಗೆಗಳು. ಮೂರನ್ನು ಅವನು ಚಿಮುಟದಲ್ಲಿ ಎತ್ತಿದ. ಕೆಳಗಿನದು ಕಿಲುಬಿನಲ್ಲಿ ಬೆಸೆದುಹೋಗಿತ್ತು. "ಸ್ವಲ್ಪ ಬಿಸಿ ತೋರಿಸ್ಲಾ?" ಎಂದ. ಬೇಡವೆಂದೆ. ಬಿಸಿಗೆ ದಂತ ಬಾಗುತ್ತದೆ, ಬಾಗಿದರೆ ಸೀಳುತ್ತದೆ. ಅವನು ಗೊಣಗುತ್ತ ಅರದಿಂದ ಉಜ್ಜತೊಡಗಿದ. ಧೂಳು ಒಳಗೆ ಬೀಳದಂತೆ ನಾನು ಕಾಗದದ ತುಂಡು ಹಿಡಿದಿದ್ದೆ. ಮಧ್ಯಾಹ್ನದ ಊಟ ತಪ್ಪಿತು. ತಗಡು ಬಂದಾಗ ಒಳಗಿನಿಂದ ನೆಲಮಾಳಿಗೆಯ ವಾಸನೆ ಹೊಡೆಯಿತು. ರಟ್ಟಿನ ಕೆಳಭಾಗ ಕಪ್ಪಾಗಿ, ಬೂಷ್ಟು ಬೂದಿಯಂತೆ ಹರಡಿತ್ತು. ರಟ್ಟು ತೆಗೆದರೆ ದಂತದ ಬೆನ್ನು. ಮುಂಭಾಗ ಗಾಜಿಗೆ ಅಂಟಿಕೊಂಡಿತ್ತು. ಬೆಳಕಿಗೆ ಹಿಡಿದಾಗ ದಂತದೊಳಗೆ ಮಸುಕಾಗಿ ಒಂದು ತಲೆಯ ನೆರಳು.

"ಯಾರೋ ಇದಾರೆ," ಎಂದ ಅಕ್ಕಸಾಲಿ, ದನಿ ತಗ್ಗಿಸಿ.

ಅಂಟಿದ್ದನ್ನು ಎಳೆಯುವುದಕ್ಕೆ ಮುಂಚೆ ಬೂಷ್ಟು ಸಾಯಬೇಕು. ಬಿಸ್ಕತ್ತಿನ ದೊಡ್ಡ ಡಬ್ಬಿಯೊಂದರ ತಳದಲ್ಲಿ ಸಣ್ಣ ಬಲ್ಬು ಕೂರಿಸಿ, ಅದರ ಮೇಲೆ ತಟ್ಟೆಯಲ್ಲಿ ಥೈಮಾಲ್ ಹರಳು ಇಟ್ಟೆ. ಅದಕ್ಕೂ ಎತ್ತರದಲ್ಲಿ ತಂತಿಬಲೆಯ ಮೇಲೆ ಚಿತ್ರ. ಕೆಳಗಿನ ಸಣ್ಣ ಶಾಖಕ್ಕೆ ಹರಳು ಆವಿಯಾಗಿ ಡಬ್ಬಿ ತುಂಬುತ್ತದೆ. ಅದಕ್ಕೆ ಓಮದ್ದೇ ವಾಸನೆ. ಮಹಡಿಯಿಂದ ಅದು ಅಂಗಡಿಗೆ ಇಳಿಯಿತು.

"ಏನ್ ಸಾ, ಮ್ಯಾಲೆ ಯಾರ್ದಾದ್ರೂ ಬಾಣಂತನವಾ?" ಎಂದು ಅಂಗಡಿಯ ಮಾಲೀಕ ಕೆಳಗಿನಿಂದ ಕೂಗಿದ. "ಬ್ರಮ್ಮಚಾರಿ ಅಂತ ಕ್ವಾಣೆ ಕೊಟ್ಟೆ ಕಣ್ರಿ!"

ಶುಕ್ರವಾರ ಡಬ್ಬಿ ತೆರೆದೆ. ಬೂಷ್ಟು ಸತ್ತು ಪುಡಿಯಾಗಿತ್ತು. ಒಣಕುಂಚದಲ್ಲಿ ತೆಗೆದೆ. ಗಾಜು ಮೂರು ಮೂಲೆಗಳಲ್ಲಿ ತಾನಾಗಿ ಸಡಿಲವಾಯಿತು. ನಡುವೆ ಒಂದು ಕಡೆ ಮಾತ್ರ, ಕಾಸಿನಗಲ, ಬಿಡಲೇ ಇಲ್ಲ. ಅಲ್ಲಿ ಬಣ್ಣ ದಪ್ಪವಾಗಿತ್ತೇನೋ, ಗಾಜನ್ನು ಹಿಡಿದುಕೊಂಡಿತ್ತು. ಶನಿವಾರ ಅಕ್ಕಸಾಲಿಯ ಹತ್ತಿರ ಒಯ್ದೆ. ಅವನು ಉಗುರಿನಿಂದ ತಟ್ಟಿ ನೋಡಿದ.

"ಒಂದ್ ಸಲ ಮೆಲ್ಲಗೆ ಎಳೆದುಬಿಡೋಣ ಸಾಮಿ. ಕಾಸಿನಗಲ ಪೋಚುನಾ ಪೋಚು, ಹೋದ್ರೆ ಹೋಗ್ಲಿ. ಉಳಿದಿದ್ದು ಸಿಗುತ್ತೆ."

ಆ ಕ್ಷಣಕ್ಕೆ ಅದು ತಪ್ಪು ಲೆಕ್ಕವೆನಿಸಲಿಲ್ಲ. ನಾಳೆ ಭಾನುವಾರ. ಕೊಡಬೇಕಾದ ದಿನ ಹತ್ತಿರ ಬಂದಿತ್ತು. ಆದರೂ ಆ ಕಾಸಿನಗಲದಲ್ಲಿ ಏನಿದೆಯೆಂದು ಇಬ್ಬರಿಗೂ ಗೊತ್ತಿರಲಿಲ್ಲ. ಯೋಚಿಸಿ ಬರುತ್ತೇನೆಂದು ಕೋಣೆಗೆ ಹಿಂತಿರುಗಿದೆ. ಕೆಳಗೆ ಮಾಲೀಕ ನೂಲು ಹೊಸೆಯುವ ಹುರಿಗಾರರಿಗೆ ಸೋಪು ತೂಗಿ ಕೊಡುತ್ತಿದ್ದ. ಹಸಿನೂಲಿನ ಜಿಗುಟು ಬಿಡಿಸಲು ಸೋಪುನೀರಿನಲ್ಲಿ ಕುದಿಸುತ್ತಾರೆ. ಉದ್ದನೆಯ ಸೋಪಿನ ಗಟ್ಟಿಯನ್ನು ಅವನು ಚಾಕುವಿನಿಂದ ಕತ್ತರಿಸುತ್ತಿರಲಿಲ್ಲ. ರೇಷ್ಮೆಯ ಎಳೆಯೊಂದನ್ನು ಸುತ್ತಿ ಎರಡೂ ತುದಿ ಎಳೆಯುತ್ತಿದ್ದ. ಚೂರೂ ಉದುರದೆ ಗಟ್ಟಿ ಎರಡಾಗುತ್ತಿತ್ತು. ದಿನಾ ಕಾಣುತ್ತಿದ್ದ ನೋಟ. ಅಂದು ನಿಂತು ನೋಡಿದೆ.

"ಕುದಿಸದೇ ಇರೋ ಒಂಟಿ ಎಳೆ ಒಂದು ಕೊಡಿ," ಎಂದೆ.

"ಒಂದೆಳೇನ? ಏನ್ ಸಾ, ಇರುವೆಗೆ ಉಡದಾರವಾ?" ಎನ್ನುತ್ತಲೇ ಬಿಡಿಸಿ ಕೊಟ್ಟ.

ಆ ಹಸಿ ಎಳೆ ಕೂದಲಿಗಿಂತ ಸಣ್ಣ, ಆದರೆ ಬಿರುಸು. ಅಕ್ಕಸಾಲಿ ಚೌಕಟ್ಟನ್ನು ಮೇಣದ ಹಾಸಿಗೆಯ ಮೇಲೆ ಅಲುಗದಂತೆ ಹಿಡಿದ. ನಾನು ಎಳೆಯನ್ನು ಗಾಜಿಗೂ ದಂತಕ್ಕೂ ನಡುವಿನ ಸಂದಿಗೆ ಇಳಿಸಿ, ಒಂದು ತುದಿ ಬಲಗೈಗೆ, ಇನ್ನೊಂದು ಎಡಗೈಗೆ ಸುತ್ತಿಕೊಂಡು, ಗರಗಸದಂತೆ ಅತ್ತಿತ್ತ ಆಡಿಸಿದೆ. ಒತ್ತಡ ಗಾಜಿನ ಕಡೆಗೇ ಇರಬೇಕು, ದಂತದ ಕಡೆಗೆ ಬೀಳಬಾರದು. ಎಳೆ ಎರಡು ಸಲ ತುಂಡಾಯಿತು. ಮೂರನೆಯದು ಮುಕ್ಕಾಲು ಭಾಗ ಹೋದಾಗ ಸಣ್ಣ ಚಕ್ಕೆಯೊಂದು ಎದ್ದು ಗಾಜಿಗೆ ಹತ್ತಿತು. ನನ್ನ ಕೈ ನಿಂತಿತು. ಅಕ್ಕಸಾಲಿ ಕಣ್ಣಲ್ಲೇ ಮುಂದುವರಿಸು ಎಂದ. ಕೊನೆಗೆ ಗಾಜು ಬಿಟ್ಟಿತು. ಅದನ್ನು ಎತ್ತಿ ಪಕ್ಕಕ್ಕಿಟ್ಟೆವು, ಮೇಲಿನ ವಿಭೂತಿ ಒಂದು ಗೀರೂ ಬೀಳದೆ ಹಾಗೇ ಇತ್ತು.

ಕೆಳಗೆ ಒಬ್ಬ ಹುಡುಗಿ. ಒಂಬತ್ತು ಹತ್ತು ವರ್ಷವಿರಬಹುದು. ಹಣೆಯ ಮೇಲೆ ಕಲಾವಿದನೇ ಬರೆದ ಮೂರು ಬಿಳಿಯ ಗೆರೆಗಳು, ಕೂದಲಿನ ಒಂದೊಂದು ಎಳೆ, ಕಿವಿಯ ಮೇಲೆ ಮುತ್ತಿನ ಬುಗುಡಿ. ಕಣ್ಣುಗಳು ನೇರ ನಮ್ಮನ್ನೇ ನೋಡುತ್ತಿದ್ದವು. ಮೂಗಿನ ಕೆಳಗೆ ಏನೂ ಇರಲಿಲ್ಲ. ಬಾಯಿ, ಗದ್ದ, ಕೊರಳು, ಎದೆಯ ಮೇಲೆ ಇದ್ದಿರಬಹುದಾದ ಲಿಂಗದ ಕರಡಿಗೆ ಎಲ್ಲ ಕರಗಿ ಕಂದುಬಣ್ಣದ ಕಲೆಯಾಗಿ, ಚೌಕಟ್ಟಿನ ಕೆಳ ಅಂಚಿನಲ್ಲಿ ಕೆಸರಿನಂತೆ ಒಣಗಿದ್ದವು. ಗಾಜಿಗೆ ಅಂಟಿದ್ದ ಆ ಕಾಸಿನಗಲ, ಎಡಗೆನ್ನೆ. ಅದು ಉಳಿದಿತ್ತು. ಚಕ್ಕೆ ಹೋದದ್ದು ಅದರ ಅಂಚಿಗಿದ್ದ ಎಡಬುಗುಡಿಯ ಒಂದು ಮುತ್ತಿನದು.

ಕಾರ್ಡು ತುಂಬಿದೆ. ಕಂಡದ್ದನ್ನು ಮಾತ್ರ ಬರೆದೆ. ಕೊನೆಯ ಸಾಲು: "ಎಡಗೆನ್ನೆ ಬಲಗೆನ್ನೆಗಿಂತ ಉಬ್ಬು. ಕಲಾವಿದನ ಕೈತಪ್ಪಿರಬಹುದು." ದಂತಕ್ಕೆ ಹೊಸ ರಟ್ಟು, ಹೊಸ ಗಾಜು ಕೊಟ್ಟು, ಗಾಜು ಬಣ್ಣಕ್ಕೆ ತಗುಲದಂತೆ ಸುತ್ತ ಕಾಗದದ ಅಂಚು ಕಟ್ಟಿ ಮುಚ್ಚಿದೆ. ಅಜ್ಜಿಯ ಪೂಜೆ ಕೆಡದಂತೆ, ಬರಿದಾದ ಹಳೆಯ ಚೌಕಟ್ಟಿಗೆ ಹಳೆಯ ಗಾಜನ್ನೇ ಸೇರಿಸಿ ಅಕ್ಕಸಾಲಿ ಹಿಂದಿನ ತಗಡು ಕೂರಿಸಿದ. ಕೂಲಿ ಎಷ್ಟೆಂದರೆ, "ಆ ಮಗು ನನ್ನ ನೋಡ್ತಾ ಇದೆ ಸಾಮಿ, ಈಗ ಕೇಳ್ಬೇಡಿ," ಎಂದ.

ಭಾನುವಾರ ಎರಡು ಪೊಟ್ಟಣ ಹಿಡಿದು ಕುಂತೂರಿಗೆ ಹೋದೆ. ದಾರಿಯುದ್ದಕ್ಕೂ ಹೇಳಬೇಕಾದ ಮಾತನ್ನು ಮನಸ್ಸಿನಲ್ಲೇ ಜೋಡಿಸಿಕೊಂಡೆ. ಬಾಗಿಲಲ್ಲೇ ಯಜಮಾನ ಚಿತ್ರ ನೋಡಿದ.

"ಅವ್ವುಂಗೆ ಇದ್ನ ಯೋಳ್ಬ್ಯಾಡಿ ಸಾ," ಎಂದು ಪಿಸುಗುಟ್ಟಿದ. "ಚೆಂದಾಗದೆ ಅಂದ್ಬುಡಿ. ಅವ್ಳ್ಗೆಲ್ಲಿ ಕಂಡದು."

ಅಜ್ಜಿ ಕೈಸಾಲೆಯ ಕಂಬಕ್ಕೆ ಒರಗಿ ಕೂತಿದ್ದರು. ಎದುರಿಗೆ ಕೂತೆ. ಹೊಸ ಗಾಜಿನ ಚಿತ್ರವನ್ನು ಅವರ ಕೈಗಿಟ್ಟೆ. ಬೆರಳಾಡಿಸಿ, "ಇದು ನುಣ್ಣಗದೆ. ಇದು ನಮ್ದಲ್ಲ," ಎಂದರು.

"ಗಾಜು ಹೊಸದು ಅಜ್ಜಿ. ಒಳಗಿರೋರು ಅವರೇ."

"ಮುಖ ಅದಾ?"

"ಇದೆ. ಅರ್ಧ ಇದೆ."

ಕೈ ನಿಂತಿತು. "ಯಾವ ಅರ್ದ?"

"ಹಣೆ ಇದೆ. ವಿಭೂತಿ ಇದೆ. ಕಣ್ಣು ಎರಡೂ ಇವೆ."

"ಬಾಯಿ?"

ಅವರ ಹಿಂದೆ ನಿಂತಿದ್ದ ಯಜಮಾನ ಹೇಳಬೇಡಿರೆಂದು ನನಗೆ ಕೈಯಾಡಿಸಿದ.

"ಬಾಯಿ ಹೋಗಿದೆ ಅಜ್ಜಿ. ಗದ್ದವೂ ಇಲ್ಲ."

"ಎಂಗೋಯ್ತು?"

"ನೀರು ಇಳಿದು."

"ಸೂರು ಸೋರಾಕಿಲ್ಲವಲ್ಲ. ಗೂಡ್ನಾಗೆ ಯಾವ್ ನೀರು?"

"ವಿಭೂತಿ ನೀರು," ಎಂದೆ.

ಸೊಸೆ ಒಳಗೆ ರಾಗಿ ಬೀಸುತ್ತಿದ್ದಳು. ಬೀಸುವ ಸದ್ದು ನಿಂತಿತು. ಅಜ್ಜಿ ತಮ್ಮ ಬಲಗೈಯ ಮೂರು ಬೆರಳುಗಳನ್ನು ಎಡಗೈಯಿಂದ ಹಿಡಿದುಕೊಂಡರು.

"ಅಂಗಾರೆ ನಾನೇ ತೊಳೆದ್ನಾ?"

ಅವರು ಅಳಲಿಲ್ಲ. ಬೇರೇನೂ ತೋಚದೆ ನಾನು ಕಾರ್ಡನ್ನು ತೆಗೆದು ಓದತೊಡಗಿದೆ. ಮುತ್ತಿನ ಬುಗುಡಿ, ಬಲಗಡೆಯದು ಪೂರ್ತಿ. ಬೈತಲೆ ನೇರ. ಮೂಗುಬೊಟ್ಟು ಕೆಂಪು. ಎಡಗೆನ್ನೆ ಬಲಗೆನ್ನೆಗಿಂತ ಉಬ್ಬು.

"ಏನಂದೆ?"

"ಎಡಗೆನ್ನೆ ಸ್ವಲ್ಪ ಉಬ್ಬಿದೆ ಅಜ್ಜಿ. ಬರೆದವನ ತಪ್ಪಿರಬೇಕು."

"ತಪ್ಪಲ್ಲ ಕಣೋ ಕೂಸೇ!" ಅವರ ದನಿ ಏಕಾಏಕಿ ಹುಡುಗಿಯ ದನಿಯಂತೆ ಏರಿತು. "ಕಲ್ಸಕ್ರೆ ಅದು! ಬರೆಯೋನು ಅಲ್ಲಾಡ್ಬ್ಯಾಡ ಅಂದ್ರೆ ಅತ್ತೆಮ್ಮ ಕುಂತ್ಕತಿರ್ಲಿಲ್ವಂತೆ. ಒಂದ್ ಕಲ್ಸಕ್ರೆ ಬಾಯ್ಗಾಕಿ, ಇದು ಕರಗೋಗಂಟ ಅಲ್ಲಾಡ್ಬ್ಯಾಡ ಅಂದ್ನಂತೆ. ಅತ್ತೆಮ್ಮ ಅದ್ನ ಚೀಪ್ದೆ ದವಡೇಲಿ ಬಚ್ಚಿಟ್ಕಂಡಿದ್ರಂತೆ. ಇದ್ದಿದ್ ಇದ್ದಂಗೇ ಬರ್ದ್ಬುಟ್ಟ ಆ ಪುಣ್ಯಾತ್ಮ. ನಾನು ಅತ್ತಾಗೆಲ್ಲ ಈ ಚಿತ್ರ ತೋರ್ಸಿ ಆ ಕತೆ ಯೋಳೋರು. ನಂಗೂ ಒಂದ್ ಕಲ್ಸಕ್ರೆ ಕೊಡೋರು." ಮಗನ ಕಡೆ ತಿರುಗಿದರು. "ಉಬ್ಬದಾ ನೋಡ್ಲಾ ನೀನು. ನೋಡಿ ಯೋಳು."

ಯಜಮಾನ ಮೊಣಕಾಲೂರಿ ಕೂತು, ಚಿತ್ರವನ್ನು ಕಣ್ಣ ಹತ್ತಿರ ಹಿಡಿದು ನೋಡಿದ. "ಊಂ ಕಣವ್ವ. ಉಬ್ಬದೆ," ಎಂದ. ಆ ಕತೆ ಅವನಿಗೆ ಗೊತ್ತಿರಲಿಲ್ಲ. ಆಮೇಲೆ ಅವನು ಆ ಮುಖದಿಂದ ಕಣ್ಣು ತೆಗೆಯಲಿಲ್ಲ.

ಆಗ ನಾನು ಎರಡನ್ನೂ ಇಲ್ಲೇ ಇಟ್ಟುಕೊಳ್ಳಿ ಎಂದೆ. ಹೊಸ ಗಾಜಿನ ಚಿತ್ರಕ್ಕೆ ನೀರು ಸೋಕದಂತೆ ಬೇರೆ ಕಡೆ ಇಟ್ಟರೆ ಸಾಕು. ಅಜ್ಜಿ ಎರಡನೆಯ ಪೊಟ್ಟಣವನ್ನು ತಾವೇ ಬಿಚ್ಚಿದರು. ಹಳೆಯ ಚೌಕಟ್ಟು ಕೈಗೆ ಬಂತು. ಗಾಜಿನ ಮೇಲಿನ ಒರಟು ವಿಭೂತಿಯ ಮೇಲೆ ಬೆರಳಿಟ್ಟು, ತಮ್ಮ ಬೆರಳೇ ಮಾಡಿದ ತಗ್ಗುಗಳನ್ನು ಹುಡುಕಿ, ಅಲ್ಲಿಯೇ ನಿಲ್ಲಿಸಿದರು.

"ಇದು ನಮ್ದು," ಎಂದರು. "ಅದ್ನ ನೀನ್ ತಕಂಡೋಗು."

"ಅವ್ವಾ! ಮುಖ ಇಲ್ದೆ ಪೂಜೆ ಎಂಗೆ?" ಎಂದ ಯಜಮಾನ. ಹೋದ ವಾರ ಕೊಡಲು ಹೊರಟವನು ಅವನೇ.

"ಇಪ್ಪತ್ ವರ್ಸದಿಂದ ನೀನು ಮುಖ ನೋಡಿ ಕೈ ಮುಗ್ದಿದ್ಯೇನ್ಲಾ?" ಆಮೇಲೆ ನನಗೆ ಹೇಳಿದರು. "ನನ್ ಕೈ ಕೇಳಾಕಿಲ್ಲ ಮಗ. ಬ್ಯಾರೆ ಕಡೆ ಇಟ್ರೂ ಉಡುಕ್ಕಂಡೋಯ್ತದೆ. ಬೆಳಗಾದ್ರೆ ಸೋಮವಾರ. ಇರೋ ಕೆನ್ನೇನೂ ತೊಳ್ದ್ಬುಟ್ಟೇನು. ತಕಂಡೋಗು."

ಕಾರ್ಡಿನ ಕೊನೆಯ ಸಾಲಿನ ಅರ್ಧವನ್ನು ಅವರ ಎದುರಿಗೇ ಹೊಡೆದುಹಾಕಿ, ಹಿಂಬದಿಗೆ ಅವರು ಹೇಳಿದ್ದನ್ನು ಹೇಳಿದಂತೆಯೇ ಬರೆದುಕೊಂಡೆ.

ಕ್ಯುರೇಟರ್ ಚಿತ್ರವನ್ನು ಬಹಳ ಹೊತ್ತು ನೋಡಿದರು. ಹೇಳಿದ ಮಾತು ಮೀರಿದ್ದಕ್ಕೆ ಬೈದರು. ನನ್ನ ಕೆಲಸ ಖಾಯಮಾಗಲು ಇನ್ನೊಂದು ವರ್ಷ ಹಿಡಿಯಿತು, ಕಾರಣವನ್ನು ಯಾರೂ ಹೇಳಲಿಲ್ಲ. ಬಾಯಿ ಗದ್ದ ತುಂಬಿಸಿ ಬರೆಸೋಣವೇ ಎಂದು ಅವರು ಒಮ್ಮೆ ಕೇಳಿದರು. ಆ ಬಾಯನ್ನು ಕಂಡವರು ಒಬ್ಬರೇ, ಅವರಿಗೀಗ ಕಣ್ಣಿಲ್ಲ ಎಂದೆ. ಕ್ಯುರೇಟರ್ ಮತ್ತೆ ಆ ಮಾತು ಎತ್ತಲಿಲ್ಲ. ಚಿತ್ರ ಇವತ್ತಿಗೂ ಅರ್ಧ ಮುಖವಾಗಿಯೇ ಇದೆ.

1971ರ ಕಾರ್ತೀಕದಲ್ಲಿ ಬೇರೆ ಕೆಲಸಕ್ಕೆ ಯಳಂದೂರಿಗೆ ಹೋದವನು ಕುಂತೂರಿಗೂ ಹೋದೆ. ಅಜ್ಜಿ ಎರಡು ವರ್ಷದ ಹಿಂದೆ ತೀರಿಕೊಂಡಿದ್ದರು. ಯಜಮಾನ ಗದ್ದೆಗೆ ಹೋಗಿದ್ದ. ಸೊಸೆ ಗುರುತು ಹಿಡಿದು ಒಳಗೆ ಕರೆದಳು. ಅಂದು ಸೋಮವಾರ. ಗೂಡಿನಲ್ಲಿ ಅದೇ ಹಿತ್ತಾಳೆ ಚೌಕಟ್ಟು, ಅದೇ ಬಿಳಿಯ ಗಾಜು.

"ಅವರದೊಂದು ಫೋಟೋ ಇಲ್ಲವಾ?" ಎಂದು ಕೇಳಿದೆ.

"ತೆಗೆಸ್ಕಳ್ಳಿಲ್ಲ ಸಾ. ಅತ್ತೆಮ್ಮುಂಗೆ ಒಪ್ಗೆ ಇರ್ಲಿಲ್ಲ," ಎಂದಳು. "ಈಗ ಇಬ್ರೂ ಇದ್ರಾಗೇ ಅವ್ರೆ."

ಅಂಗೈಯಲ್ಲಿ ವಿಭೂತಿ ತೇದು, ಮೂರು ಬೆರಳು ಅದ್ದಿ, ಗಾಜಿನ ಈ ತುದಿಯಿಂದ ಆ ತುದಿಗೆ ಎಳೆದಳು. ನೀರು ಇಳಿಯತೊಡಗಿತು. ಅಭ್ಯಾಸಬಲದಿಂದ ನನ್ನ ಕೈ ಜೇಬಿನ ಕರ್ಚೀಫಿಗೆ ಹೋಗಿತ್ತು. ಅದನ್ನು ಅಲ್ಲೇ ಬಿಟ್ಟು ನಿಂತೆ. ನೀರು ಕೆಳ ಅಂಚಿನ ಸಂದಿನಲ್ಲಿ ಒಳಹೊಕ್ಕು, ಹಿಂದಿನಿಂದ ಹೊರಬಂದು, ಗೂಡಿನ ಕಲ್ಲಿನ ಮೇಲೆ ತೊಟ್ಟಿಕ್ಕಿತು.